ಜಾಫ್ನಾದ ಸೋನಗ ತೆರು ಏಕೆ ಮತ್ತೆ ತುಂಬಲಿಲ್ಲ

ಶ್ರೀಲಂಕಾದ ಅಂತರ್ಯುದ್ಧವೆಂದರೆ ಸಿಂಹಳ ಬಹುಸಂಖ್ಯಾತರ ಪ್ರಭುತ್ವಕ್ಕೂ ತಮಿಳು ಪ್ರತ್ಯೇಕತಾವಾದಿಗಳಿಗೂ ಇಪ್ಪತ್ತಾರು ವರ್ಷ ನಡೆದ ಕಾಳಗ ಎಂದೇ ನಾವು ಓದಿಕೊಂಡು ಬಂದಿದ್ದೇವೆ. ಕರ್ನಾಟಕದ ಓದುಗರಿಗಂತೂ ಎಲ್‌ಟಿಟಿಇ ಎಂದೊಡನೆ ನೆನಪಾಗುವುದು ರಾಜೀವ್ ಗಾಂಧಿ ಹತ್ಯೆಯ ಸೂತ್ರಧಾರ ಶಿವರಾಸನ್ ಮತ್ತು ಅವನ ಸಂಗಡಿಗರು 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ ಘಟನೆ. ಎರಡೇ ಪಕ್ಷಗಳಿರುವ ಈ ಚಿತ್ರದೊಳಗೆ ಹಿಡಿಸದೆ ಉಳಿದುಹೋದ ಸಂಗತಿಯೊಂದಿದೆ. ಕೋಣನಕುಂಟೆಯ ಘಟನೆಗೆ ಹತ್ತು ತಿಂಗಳ ಹಿಂದೆ, 1990ರ ಅಕ್ಟೋಬರ್‌ನ ಎರಡನೆಯ ಭಾಗದಲ್ಲಿ, ಉತ್ತರ ಪ್ರಾಂತ್ಯದಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಇಡೀ ಮುಸ್ಲಿಂ ಸಮುದಾಯವನ್ನು ಎಲ್‌ಟಿಟಿಇ ಹೊರದಬ್ಬಿತು. ಹೊರಬಿದ್ದವರು ಸುಮಾರು 75,000 ಮಂದಿ ಎಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಂದಾಜು.

2025ರ ಅಕ್ಟೋಬರ್‌ಗೆ ಆ ಘಟನೆಗೆ 35 ವರ್ಷ ತುಂಬಿತು. ಯುದ್ಧ ಮುಗಿದು, ಹೊರದಬ್ಬಿದ ಸಂಘಟನೆಯೇ ಇಲ್ಲವಾಗಿ ಹದಿನಾರು ವರ್ಷಗಳು ಕಳೆದಿವೆ. ಆದರೂ ಜಾಫ್ನಾ ನಗರದ ಮುಸ್ಲಿಂ ಬಡಾವಣೆಯಾದ ಸೋನಗ ತೆರು ತನ್ನ ಹಳೆಯ ಜನರಿಂದ ಮತ್ತೆ ತುಂಬಿಲ್ಲ. ಇದಕ್ಕೆ ಜನಾಂಗೀಯ ಅಪನಂಬಿಕೆಯೇ ಕಾರಣ ಎನ್ನುವುದು ಸುಲಭವಾಗಿ ಸಿಗುವ ಉತ್ತರ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ನೋಡಲು ನೀರಸವಾದ ಆಡಳಿತದ ನಿಯಮಗಳು, ಅದರಲ್ಲೂ ಒಂದು ಕುಟುಂಬ ಒಂದೇ ಊರಿಗೆ ಸೇರಿರಬೇಕೆಂಬ ಕಚೇರಿಗಳ ಹಟ, ಈ ವೈಫಲ್ಯವನ್ನು ಅದಕ್ಕಿಂತ ಚೆನ್ನಾಗಿ ವಿವರಿಸುತ್ತವೆ ಎಂಬುದು ಈ ಲೇಖನದ ವಾದ.

ಸೋನಗ ತೆರು ಎಂಬುದು ಜಾಫ್ನಾ ಪಟ್ಟಣದ ಪಶ್ಚಿಮ ಭಾಗದಲ್ಲಿ, ವಣ್ಣಾರ್‌ಪಣ್ಣೈಗೆ ಹೊಂದಿಕೊಂಡಿರುವ ಬಡಾವಣೆ. ಇಂಗ್ಲಿಷ್ ದಾಖಲೆಗಳಲ್ಲಿ ಇದು ಮೂರ್ ಸ್ಟ್ರೀಟ್. ಹೆಸರಿಗೆ ಒಂದು ಬೀದಿಯಾದರೂ ಜನ ಹಾಗೆನ್ನುವಾಗ ಐಂದು ಸಂದಿ ಎಂಬ ಐದು ರಸ್ತೆಗಳ ಕೂಡಿನ ಸುತ್ತಲಿನ ಗಲ್ಲಿಗಳು, ಮಸೀದಿಗಳು, ಒಸ್ಮಾನಿಯಾ ಕಾಲೇಜು, ಹೆಣ್ಣುಮಕ್ಕಳ ಖದೀಜಾ ಶಾಲೆ, ಜಿನ್ನಾ ಮೈದಾನ ಎಲ್ಲವನ್ನೂ ಸೇರಿಸಿಯೇ ಹೇಳುತ್ತಾರೆ. ಇಲ್ಲಿನವರ ಮನೆಮಾತು ತಮಿಳು, ಮತ ಇಸ್ಲಾಂ. ಚಿನ್ನಬೆಳ್ಳಿ, ಬಟ್ಟೆ ಹೊಲಿಗೆ, ಕಬ್ಬಿಣದ ಸಾಮಾನು, ಲಾರಿ ಸಾಗಣೆ ಮುಂತಾದ ಪೇಟೆಯ ಕಸುಬುಗಳಲ್ಲಿ ಇವರ ಪಾಲು ದೊಡ್ಡದಿತ್ತು. ಸುತ್ತಲಿನ ಹಿಂದೂ ಮತ್ತು ಕ್ರೈಸ್ತ ತಮಿಳರೊಂದಿಗಿನ ಸಂಬಂಧ ಬಹುಮಟ್ಟಿಗೆ ಅಂಗಡಿಯ ಹಲಗೆಯ ಆಚೀಚೆಯದು. ಸಿಲೋನ್ ಸಿವಿಲ್ ಸರ್ವಿಸ್‌ಗೆ ಸೇರಿದ ಮೊದಲ ಮುಸ್ಲಿಂ ಹಾಗೂ ಮುಂದೆ ಕೊಲಂಬೊದ ಜಾಹಿರಾ ಕಾಲೇಜಿನ ಪ್ರಾಂಶುಪಾಲರಾಗಿ ಹೆಸರಾದ ಎ. ಎಂ. ಎ. ಅಜೀಜ್ ಹುಟ್ಟಿದ್ದು ಇದೇ ಆವರಣದಲ್ಲಿ. ಐವತ್ತರ ದಶಕದಲ್ಲಿ ಎಂ. ಎಂ. ಸುಲ್ತಾನ್ ಈ ನಗರದ ಮೇಯರ್ ಆಗಿದ್ದರು. ಮುಸ್ಲಿಮರು ಅಲ್ಪಸಂಖ್ಯಾತರಾಗಿದ್ದ ನಗರದಲ್ಲಿ ಇದು ಸಾಧ್ಯವಾಗಿತ್ತು ಎಂಬುದನ್ನು ಗಮನಿಸಬೇಕು.

ಇಂಥ ನೆರೆಹೊರೆ ಕೆಲವೇ ಗಂಟೆಗಳಲ್ಲಿ ಖಾಲಿಯಾದುದಕ್ಕೆ ಹಿನ್ನೆಲೆಯಿದ್ದದ್ದು ಪೂರ್ವ ಪ್ರಾಂತ್ಯದಲ್ಲಿ. ಅಲ್ಲಿ ಮುಸ್ಲಿಮರ ಜನಸಂಖ್ಯೆ ದೊಡ್ಡದು, ಜಮೀನಿನ ಪೈಪೋಟಿ ಹಳೆಯದು. ಎಂಬತ್ತರ ದಶಕದಲ್ಲಿ ಎಂ. ಎಚ್. ಎಂ. ಅಶ್ರಫ್ ನೇತೃತ್ವದ ಶ್ರೀಲಂಕಾ ಮುಸ್ಲಿಂ ಕಾಂಗ್ರೆಸ್ ಬೆಳೆದು, ತಮಿಳು ಮಾತಾಡುವವರೆಲ್ಲ ಒಂದೇ ರಾಷ್ಟ್ರ ಎಂಬ ಈಳಂ ಸಿದ್ಧಾಂತಕ್ಕೆ ರಾಜಕೀಯ ಸವಾಲು ಹಾಕಿತು. 1990ರ ಜೂನ್‌ನಲ್ಲಿ ಯುದ್ಧ ಮತ್ತೆ ಶುರುವಾದಾಗ ಸರ್ಕಾರ ಮುಸ್ಲಿಂ ಯುವಕರನ್ನು ಹೋಮ್‌ಗಾರ್ಡ್‌ಗಳಾಗಿ ಶಸ್ತ್ರಸಜ್ಜಿತಗೊಳಿಸಿತು. ಇತ್ತ ಆಗಸ್ಟ್ 3ರ ರಾತ್ರಿ ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜು ಮಾಡುತ್ತಿದ್ದ ನೂರಕ್ಕೂ ಹೆಚ್ಚು ಮಂದಿಯನ್ನು ಎಲ್‌ಟಿಟಿಇ ಕೊಂದಿತು. ಪ್ರತಿಹಿಂಸೆಯಲ್ಲಿ ತಮಿಳು ಹಳ್ಳಿಗರೂ ಸತ್ತರು. ಉತ್ತರದಲ್ಲಿ ಇದ್ಯಾವುದೂ ನಡೆದಿರಲಿಲ್ಲ. ಅಲ್ಲಿನ ಮುಸ್ಲಿಮರು ಸಂಖ್ಯೆಯಲ್ಲಿ ಸಣ್ಣವರು, ಶಸ್ತ್ರವಿಲ್ಲದವರು, ಪ್ರತ್ಯೇಕ ರಾಜಕೀಯವನ್ನೇ ಮಾಡದವರು. ಪೂರ್ವದ ಲೆಕ್ಕವನ್ನು ಉತ್ತರದವರ ಮೇಲೆ ತೀರಿಸಲಾಯಿತು ಎಂದರೆ ತಪ್ಪಾಗಲಾರದು.

ಅಕ್ಟೋಬರ್ ನಡುವಿನಲ್ಲಿ ಚಾವಕಚ್ಚೇರಿಯಿಂದ ಆರಂಭವಾದ ಹೊರದೂಡುವಿಕೆ ಮನ್ನಾರ್, ಮುಲ್ಲೈತೀವು, ಕಿಳಿನೊಚ್ಚಿಗಳನ್ನು ಹಾದು ಕೊನೆಗೆ 30ರಂದು ಜಾಫ್ನಾ ಪಟ್ಟಣಕ್ಕೆ ಬಂತು. ಬೆಳಗ್ಗೆ ಧ್ವನಿವರ್ಧಕಗಳಲ್ಲಿ ಸಾರಿ ಎಲ್ಲರನ್ನೂ ಮೈದಾನಕ್ಕೆ ಕರೆಸಿ, ಎರಡು ಗಂಟೆಗಳೊಳಗೆ ಊರು ಬಿಡಬೇಕೆಂದು ಆಜ್ಞಾಪಿಸಿದರು. ಒಯ್ಯಲು ಬಿಟ್ಟದ್ದು ಉಟ್ಟ ಬಟ್ಟೆಯ ಜೊತೆಗೆ ಒಂದಷ್ಟು ಬಟ್ಟೆ, ತಲೆಗೆ ಕೆಲವೇ ನೂರು ರೂಪಾಯಿ. ದಾರಿಯ ತಪಾಸಣಾ ಠಾಣೆಗಳಲ್ಲಿ ಒಡವೆಗಳನ್ನೂ, ಹಲವರಿಂದ ಮನೆಯ ಪತ್ರಗಳನ್ನೂ ಕಸಿದುಕೊಂಡರು. ಮುಂದಿನ ವಿಷಯಕ್ಕೆ ಮುಖ್ಯವಾದದ್ದು ಈ ಕೊನೆಯ ವಿವರ: ಒಡವೆ ಹೋದರೆ ಬಡತನ ಬರುತ್ತದೆ, ಪತ್ರ ಹೋದರೆ ಮನೆ ತನ್ನದೆಂದು ಹೇಳುವ ಬಾಯಿಯೇ ಹೋಗುತ್ತದೆ. ಜನ ವವುನಿಯಾ, ಅನುರಾಧಪುರಗಳ ಮಾರ್ಗವಾಗಿ, ಮನ್ನಾರಿನವರು ದೋಣಿಗಳಲ್ಲಿ, ವಾಯವ್ಯ ಕರಾವಳಿಯ ಪುತ್ತಳಂ ಸೀಮೆಯನ್ನು ಸೇರಿದರು. ಸಮುದಾಯ ಇಂದಿಗೂ ಈ ಘಟನೆಯನ್ನು ವೆಳಿಯೇಟ್ರಂ, ಅಂದರೆ ಹೊರದೂಡುವಿಕೆ, ಎಂದು ಕರೆದು ಪ್ರತಿ ಅಕ್ಟೋಬರ್‌ನಲ್ಲಿ ಸ್ಮರಿಸುತ್ತದೆ.

ತಮಿಳರೆಲ್ಲರೂ ಇದನ್ನು ಒಪ್ಪಿ ಸುಮ್ಮನಿದ್ದರು ಎನ್ನುವಂತಿಲ್ಲ. ಜಾಫ್ನಾದ ಮಾನವ ಹಕ್ಕುಗಳ ಅಧ್ಯಾಪಕರ ಸಂಘಟನೆ ಈ ಉಚ್ಚಾಟನೆಯನ್ನು ದಾಖಲಿಸಿ ಖಂಡಿಸಿತು. ಆ ಸಂಘಟನೆಯ ಸ್ಥಾಪಕರಲ್ಲೊಬ್ಬರಾದ ರಜನಿ ತಿರಾಣಗಮ ಅವರನ್ನು ಅದಕ್ಕೆ ಒಂದು ವರ್ಷ ಮೊದಲೇ ಗುಂಡಿಕ್ಕಿ ಕೊಲ್ಲಲಾಗಿತ್ತು ಎಂಬುದನ್ನು ಗಮನಿಸಿದರೆ, ಅಂದು ಬಾಯಿ ತೆರೆಯುವುದರ ಬೆಲೆ ಏನಿತ್ತೆಂದು ತಿಳಿಯುತ್ತದೆ. ಎಲ್‌ಟಿಟಿಇಯ ಸಿದ್ಧಾಂತಿ ಆಂಟನ್ ಬಾಲಸಿಂಗಂ 2002ರ ಏಪ್ರಿಲ್‌ನಲ್ಲಿ ಕಿಳಿನೊಚ್ಚಿಯ ಪತ್ರಿಕಾಗೋಷ್ಠಿಯಲ್ಲಿ ಕ್ಷಮೆ ಕೇಳಿ ಮುಸ್ಲಿಮರನ್ನು ಮರಳಿ ಬರುವಂತೆ ಆಹ್ವಾನಿಸಿದರು. ಈ ಉಚ್ಚಾಟನೆಯನ್ನು ಜನಾಂಗೀಯ ಶುದ್ಧೀಕರಣ ಎಂದು ಬಹಿರಂಗವಾಗಿ ಹೆಸರಿಸಿದ ತಮಿಳು ರಾಜಕಾರಣಿ ಎಂ. ಎ. ಸುಮಂತಿರನ್ ಅವರ ಮೇಲೆ, ಯುದ್ಧ ಮುಗಿದು ವರ್ಷಗಳಾದ ಮೇಲೂ, ಸ್ವಸಮುದಾಯದ ಒಂದು ವರ್ಗ ಮುಗಿಬಿದ್ದಿತು.

ಖಾಲಿ ಬಿದ್ದ ಬಡಾವಣೆಗೆ ಮುಂದೇನಾಯಿತು ಎಂಬುದು ನಗರವೊಂದರ ಇತಿಹಾಸವಾಗಿಯೂ ಗಮನಾರ್ಹ. ಅಂಗಡಿಗಳ ಸರಕು ಎಲ್‌ಟಿಟಿಇ ವಶವಾಯಿತು. ಮನೆಗಳ ಬಾಗಿಲು, ಕಿಟಕಿ, ತೊಲೆ, ಹೆಂಚುಗಳು ಕಳಚಿಕೊಂಡು ಹೋದವು. ಕೆಲವು ಮನೆಗಳಿಗೆ ಬೇರೆಡೆಯಿಂದ ನಿರಾಶ್ರಿತರಾಗಿ ಬಂದ ತಮಿಳರು ಸೇರಿಕೊಂಡರು. ಸರಿಯಾಗಿ ಐದು ವರ್ಷಗಳ ಬಳಿಕ, 1995ರ ಅದೇ ಅಕ್ಟೋಬರ್ 30ರಂದು, ಸೈನ್ಯ ಪಟ್ಟಣದತ್ತ ನುಗ್ಗಿ ಬರುತ್ತಿದ್ದಾಗ ಎಲ್‌ಟಿಟಿಇ ಜಾಫ್ನಾದ ತಮಿಳರಿಗೇ ಊರು ಬಿಡಲು ಹೇಳಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮಳೆಯಲ್ಲಿ ನಾವಟ್‌ಕುಳಿಯ ದಾರಿ ಹಿಡಿದು ಪೂರ್ವಕ್ಕಿರುವ ತೆನ್ಮರಾಚ್ಚಿ ಸೀಮೆಗೆ ನಡೆದರೆಂದು ಅಂದಾಜು. ಡಿಸೆಂಬರ್ ಆರಂಭದಲ್ಲಿ ಸೈನ್ಯದ ಕೈಗೆ ಸಿಕ್ಕಿದ ನಗರದಲ್ಲಿ ಬಹುಮಟ್ಟಿಗೆ ಮನುಷ್ಯರೇ ಇರಲಿಲ್ಲ. ಆದರೆ ಈ ಎರಡು ನಿರ್ಗಮನಗಳ ನಡುವೆ ಒಂದು ವ್ಯತ್ಯಾಸವಿದೆ. ತಮಿಳರಲ್ಲಿ ಬಹಳಷ್ಟು ಮಂದಿ 1996ರ ಮಧ್ಯಭಾಗದೊಳಗೆ ಮರಳಿದರು. ಜಾಫ್ನಾಕ್ಕೆ ಭೂಮಾರ್ಗವೇ ಇಲ್ಲದ, ಅದರ ದಕ್ಷಿಣಕ್ಕಿರುವ ವನ್ನಿ ಸೀಮೆಯೆಲ್ಲ ಎಲ್‌ಟಿಟಿಇ ಕೈಯಲ್ಲಿದ್ದ ಆ ದಿನಗಳಲ್ಲಿ ಪುತ್ತಳಂನ ಮುಸ್ಲಿಮರಿಗೆ ಆ ದಾರಿ ಇರಲಿಲ್ಲ. ಅರ್ಧ ವರ್ಷದ ಗೈರುಹಾಜರಿಯ ನಂತರ ಮನೆಗೆ ಬಂದವನು ಬೀಗ ಒಡೆದು ಒಳಹೊಕ್ಕು ವಾಸ ಮುಂದುವರಿಸಬಲ್ಲ. ಇಪ್ಪತ್ತು ವರ್ಷಗಳ ನಂತರ ಬಂದವನು ಅರ್ಜಿದಾರನಾಗುತ್ತಾನೆ.

ಅರ್ಜಿದಾರನಾಗಿ ಬಂದವನಿಗೆ 2009ರ ನಂತರ ಎದುರಾದ ಮೊದಲ ತೊಡಕು ವರ್ಗೀಕರಣದ್ದು. ಆ ವರ್ಷದ ಮೇ ತಿಂಗಳಲ್ಲಿ ಯುದ್ಧ ಕೊನೆಗೊಂಡಾಗ ವನ್ನಿಯಿಂದ ಹೊರಬಂದ ಸುಮಾರು ಮೂರು ಲಕ್ಷ ತಮಿಳರು ಮೆನಿಕ್ ಫಾರ್ಮ್ ಮುಂತಾದ ಶಿಬಿರಗಳಲ್ಲಿದ್ದರು. ಜಗತ್ತಿನ ಗಮನ, ನೆರವಿನ ಹಣ, ಸರ್ಕಾರದ ಮೇಲಿನ ಒತ್ತಡ ಎಲ್ಲವೂ ಅವರ ಕಡೆಗಿತ್ತು, ಇರಬೇಕಾದದ್ದೂ ಸಹಜ. ಆದರೆ ಇದರಿಂದ ನಿರಾಶ್ರಿತರಲ್ಲಿ ಹೊಸಬರು, ಹಳಬರು ಎಂಬ ಎರಡು ಜಾತಿಗಳಾದವು. 2008ರ ಏಪ್ರಿಲ್‌ಗೆ ಮುಂಚೆ ನೆಲೆ ತಪ್ಪಿದವರೆಲ್ಲ ಹಳಬರು. ಪುನರ್ವಸತಿಯ ಸಾಮಗ್ರಿ, ಅನುದಾನ, ಮನೆ ಯಾವುದರಲ್ಲೂ ಅವರ ಸರದಿ ನಂತರ. ಉತ್ತರದ ಮುಸ್ಲಿಮರು ಹೆಚ್ಚುಕಡಿಮೆ ಇಡಿಯಾಗಿ ಈ ಎರಡನೆಯ ಸಾಲಿಗೆ ಬಿದ್ದರು. ಅಂದರೆ ಹೆಚ್ಚು ಕಾಲ ಹೊರಗಿದ್ದದ್ದೇ ಅವರ ಅನರ್ಹತೆಯಾಯಿತು.

ಎರಡನೆಯದು ವಾಸದ ಷರತ್ತು, ಬಡಾವಣೆಯ ಗತಿಯನ್ನು ನಿರ್ಧರಿಸಿದ್ದು ಮುಖ್ಯವಾಗಿ ಇದೇ. ಭಾರತ ಸರ್ಕಾರ ಶ್ರೀಲಂಕಾದಲ್ಲಿ 50,000 ಮನೆಗಳ ಯೋಜನೆಯನ್ನು ಕೈಗೊಂಡದ್ದು ನಮಗೆ ತಿಳಿದಿದೆ. ಅದರ ಮುಖ್ಯ ಹಂತ 2012ರ ಗಾಂಧಿ ಜಯಂತಿಯಂದು ಆರಂಭವಾಯಿತು. ಫಲಾನುಭವಿಗಳು ತಾವೇ ಕಟ್ಟಿಕೊಳ್ಳಲು ಮನೆಯೊಂದಕ್ಕೆ 5.5 ಲಕ್ಷ ಶ್ರೀಲಂಕಾ ರೂಪಾಯಿಗಳ ಅನುದಾನವಿತ್ತು. ಒಟ್ಟಿನಲ್ಲಿ ಅದು ಒಳ್ಳೆಯ ಯೋಜನೆಯೇ. ಆದರೆ ಇಂಥ ಯೋಜನೆಗಳಲ್ಲಿ ಆಯ್ಕೆಯಾಗಲು ಅರ್ಜಿದಾರ ಆ ಜಾಗದಲ್ಲಿ ವಾಸವಾಗಿರುವುದನ್ನು ಸ್ಥಳೀಯ ಗ್ರಾಮಾಧಿಕಾರಿ ದೃಢೀಕರಿಸಬೇಕಿತ್ತು. ಛಾವಣಿಯಿಲ್ಲದ ನಾಲ್ಕು ಗೋಡೆಗಳ ನಡುವೆ ಹೆಂಡತಿ ಮಕ್ಕಳೊಂದಿಗೆ ವಾಸವಾಗಿದ್ದರೆ ಮಾತ್ರ ಮನೆ ಕಟ್ಟಲು ಹಣ, ವಾಸವಾಗಿರಬೇಕೆಂದರೆ ಮೊದಲು ಮನೆ. ತಪಾಸಣೆಗೆ ಬಂದ ದಿನ ಮನೆಯವರು ಪುತ್ತಳಂನಲ್ಲಿದ್ದರೆ ಹೆಸರು ಪಟ್ಟಿಯಿಂದ ಜಾರುತ್ತಿತ್ತು. ಜಾಫ್ನಾಕ್ಕೆ ಮರಳುವುದಾಗಿ ನೋಂದಾಯಿಸಿದ ಮುಸ್ಲಿಂ ಕುಟುಂಬಗಳು ಸಾವಿರಗಳ ಲೆಕ್ಕದಲ್ಲಿದ್ದು, ನಿಜವಾಗಿ ನೆಲೆಸಿದವು ನೂರುಗಳ ಲೆಕ್ಕಕ್ಕಿಳಿದದ್ದು ಹೀಗೆ. ಅಧಿಕಾರಿಗಳು ಇದನ್ನು ನೋಡಿ ಇವರಿಗೆ ನಿಜಕ್ಕೂ ಬರುವ ಮನಸ್ಸಿಲ್ಲ, ನೆರವಿಗಾಗಿ ಹೆಸರು ಬರೆಸುತ್ತಿದ್ದಾರೆ ಎಂದರು. ಷರತ್ತಿನಿಂದ ಹುಟ್ಟಿದ ಗೈರುಹಾಜರಿಯನ್ನೇ ಷರತ್ತಿಗೆ ಸಮರ್ಥನೆಯಾಗಿ ಬಳಸಿದ್ದು ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಅನ್ಯಾಯದ ಭಾಗವಾಗಿ ಕಾಣುತ್ತದೆ.

ಇದರ ಇನ್ನೊಂದು ಮಗ್ಗುಲು ಪುತ್ತಳಂನಲ್ಲಿದೆ. ಅಲ್ಲಿನ ಸ್ಥಳೀಯ ಮುಸ್ಲಿಮರು ಮೊದಮೊದಲು ಮನೆ, ಮಸೀದಿ, ಶಾಲೆ ಎಲ್ಲವನ್ನೂ ತೆರೆದಿಟ್ಟು ಬಂದವರನ್ನು ಬರಮಾಡಿಕೊಂಡರು. ವರ್ಷಗಳು ದಶಕಗಳಾದಂತೆ ಜಮೀನಿನ ಬೆಲೆ, ಕೂಲಿಯ ದರ, ಶಾಲೆಯ ಸೀಟು, ಸರ್ಕಾರಿ ನೌಕರಿಯ ಪಾಲುಗಳ ಮೇಲೆ ತಿಕ್ಕಾಟ ಶುರುವಾಯಿತು. ಅಲ್ಲೇ ಹುಟ್ಟಿ ಅಲ್ಲೇ ಮದುವೆಯಾದವರನ್ನೂ ಅಗದಿ, ಅಂದರೆ ನಿರಾಶ್ರಿತ, ಎಂದೇ ಕರೆಯುವ ರೂಢಿ ಉಳಿಯಿತು. 2007ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಪುತ್ತಳಂ ನಿರಾಶ್ರಿತರಿಗೆ ವಸತಿ ಯೋಜನೆಯೊಂದು ಬಂದಾಗ, ತೆಂಗಿನ ಗರಿಯ ಗುಡಿಸಲಿನಲ್ಲಿ ಹದಿನೇಳು ವರ್ಷ ಕಳೆದವರು ಅದನ್ನು ಬೇಡವೆನ್ನುವಂತಿರಲಿಲ್ಲ. ಎರಡು ವರ್ಷಗಳಲ್ಲಿ ಯುದ್ಧವೇ ಮುಗಿಯುತ್ತದೆಂದು ಯಾರಿಗೆ ಗೊತ್ತಿತ್ತು? ಆದರೆ ಉತ್ತರದಲ್ಲಿ ಮನೆ ಕೇಳಲು ಹೋದಾಗ ಪುತ್ತಳಂನ ಆ ಮನೆ ಅವರ ವಿರುದ್ಧ ಸಾಕ್ಷಿಯಾಯಿತು.

ಮತದಾರರ ಪಟ್ಟಿಯಲ್ಲೂ ಇದೇ ಕಥೆ. ಪುತ್ತಳಂನಲ್ಲಿ ಹೆಸರಿದ್ದರೆ ಮಕ್ಕಳಿಗೆ ಶಾಲೆ, ಆಸ್ಪತ್ರೆ, ಪಡಿತರ ಸುಲಭ. ಉತ್ತರದಲ್ಲಿ ಹೆಸರಿದ್ದರೆ ಜಮೀನಿನ ಹಕ್ಕು ಸಾಧಿಸಲು ಸುಲಭ. ನೆಲೆ ತಪ್ಪಿದವರು ಮೂಲ ಊರಿನ ಪಟ್ಟಿಯಲ್ಲಿ ಉಳಿಯಲು ಅವಕಾಶ ಕೊಡುವ ವಿಶೇಷ ಕಾಯಿದೆಯನ್ನು ಸಂಸತ್ತು 2013ರಲ್ಲಿ ಮಾಡಿತಾದರೂ ಅದರ ಬೆಲೆಯನ್ನು ತೆತ್ತವರು ಮತದಾರರೇ. 2019ರ ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯ ದಿನ, ಪುತ್ತಳಂನಿಂದ ಮನ್ನಾರಿಗೆ ಮತ ಹಾಕಲು ಹೊರಟಿದ್ದ ಮುಸ್ಲಿಮರ ಬಸ್ಸುಗಳ ಸಾಲಿನ ಮೇಲೆ ದಾರಿಯಲ್ಲಿ ಗುಂಡು ಹಾರಿಸಲಾಯಿತು. ಒಂದು ಮತಕ್ಕಾಗಿ ನೂರಾರು ಕಿಲೋಮೀಟರ್ ಹೋಗಿ ಬರುವುದು ಅವರಿಗೆ ಉತ್ಸಾಹದ ವಿಷಯವಲ್ಲ, ತಾವು ಆ ಊರಿನವರೆಂಬ ದಾಖಲೆಯನ್ನು ಜೀವಂತವಾಗಿಡುವ ಕ್ರಮ.

ಮೂರನೆಯ ತೊಡಕು ಜಮೀನಿನದು. 1871ರಷ್ಟು ಹಳೆಯದಾದ ಶ್ರೀಲಂಕಾದ ಪ್ರಿಸ್ಕ್ರಿಪ್ಷನ್ ಶಾಸನದ ಪ್ರಕಾರ, ಒಬ್ಬನು ಇನ್ನೊಬ್ಬನ ಸ್ಥಿರಾಸ್ತಿಯನ್ನು ತಡೆಯಿಲ್ಲದೆ, ಮಾಲೀಕನ ಹಕ್ಕನ್ನು ಒಪ್ಪದೆ ಹತ್ತು ವರ್ಷ ಅನುಭವಿಸಿದರೆ ಅದರ ಮೇಲೆ ಹಕ್ಕು ಸಾಧಿಸಬಹುದು. ನಮ್ಮಲ್ಲಿನ ಪ್ರತಿಕೂಲ ಸ್ವಾಧೀನದ ತತ್ತ್ವವೇ ಇದು. ತನ್ನ ಆಸ್ತಿಯನ್ನು ತಾನೇ ಕಡೆಗಣಿಸುವ ಮಾಲೀಕನಿಗಾಗಿ ಮಾಡಿದ ಈ ನಿಯಮ, ಬಂದೂಕಿನ ಮೊನೆಯಲ್ಲಿ ಹೊರಹೋದ ಮಾಲೀಕನಿಗೂ ಅಕ್ಷರಶಃ ಅನ್ವಯಿಸುತ್ತದೆ. ಈ ಅಸಂಗತವನ್ನು ಸರಿಪಡಿಸಲು ಸಂಸತ್ತಿಗೆ 2016ರವರೆಗೆ ಬೇಕಾಯಿತು. ಆ ವರ್ಷದ ವಿಶೇಷ ಕಾಯಿದೆ, 1983ರ ಮೇ 1ರಿಂದ 2009ರ ಮೇ 18ರವರೆಗೆ ಉಗ್ರಗಾಮಿ ಚಟುವಟಿಕೆಯ ಕಾರಣದಿಂದ ತಮ್ಮ ಹಕ್ಕನ್ನು ಚಲಾಯಿಸಲಾಗದವರ ಮಟ್ಟಿಗೆ ಆ ಅವಧಿಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದಿತು. ಆದರೆ ಅದು ಕೊಟ್ಟದ್ದು ದಾವೆ ಹೂಡುವ ಅವಕಾಶವನ್ನು, ಅದೂ ಸೀಮಿತ ಅವಧಿಗೆ. ಪತ್ರ ಕಳೆದುಕೊಂಡು, ಇನ್ನೊಂದು ಜಿಲ್ಲೆಯಲ್ಲಿ ಕೂಲಿ ಮಾಡುತ್ತಿರುವವನಿಗೆ ಜಾಫ್ನಾದ ನ್ಯಾಯಾಲಯದಲ್ಲಿ ವಕೀಲನನ್ನಿಟ್ಟು ವಾದಿಸುವ ಶಕ್ತಿ ಎಲ್ಲಿಂದ ಬರಬೇಕು?

ಇನ್ನು ಮಾರಾಟವಾಗಿ ಹೋದ ಮನೆಗಳ ಸಂಗತಿ ಬೇರೆ. ತೊಂಬತ್ತರ ದಶಕದಲ್ಲೂ, 2002ರ ಕದನವಿರಾಮದಲ್ಲಿ ಜಾಫ್ನಾಕ್ಕೆ ಹೋಗುವ ಎ9 ಹೆದ್ದಾರಿ ತೆರೆದು ಜನ ತಮ್ಮ ಪಾಳುಮನೆಗಳನ್ನು ಕಣ್ಣಾರೆ ಕಂಡು ಬಂದ ಮೇಲೂ, ಅನೇಕರು ಅಗ್ಗದ ಬೆಲೆಗೆ ಆಸ್ತಿಯನ್ನು ಮಾರಿದರು. ಹೆಣ್ಣುಮಕ್ಕಳ ಮದುವೆಯೇ ಮುಖ್ಯ ಕಾರಣ, ಏಕೆಂದರೆ ಈ ಸಮುದಾಯದಲ್ಲಿ ಮಗಳಿಗೆ ಮನೆ ಕೊಟ್ಟು ಮದುವೆ ಮಾಡುವುದು ರೂಢಿ. ಕಾನೂನಿನ ದೃಷ್ಟಿಯಲ್ಲಿ ಇವು ಸರಿಯಾದ ಕ್ರಯಗಳು, ಕೊಂಡವರ ಮೇಲೆ ದೋಷ ಹೊರಿಸುವುದೂ ಕಷ್ಟ. ಆದರೆ ಮಾರುವ ಮತ್ತು ಮಾರದಿರುವ ಆಯ್ಕೆ ಮಾರಿದವರಿಗೆ ನಿಜವಾಗಿ ಇತ್ತೇ ಎಂಬ ಪ್ರಶ್ನೆಯನ್ನು ಯಾವ ನೋಂದಣಿ ಕಚೇರಿಯೂ ಕೇಳುವುದಿಲ್ಲ.

ಮಾರದೆ ಉಳಿಸಿಕೊಂಡವರಿಗೆ ಕಾಲವೇ ಇನ್ನೊಂದು ಬಗೆಯ ತೊಡಕು ತಂದಿಟ್ಟಿತು. ಸೋನಗ ತೆರುವಿನ ಮನೆಗಳು ಒತ್ತೊತ್ತಾಗಿ ಕಟ್ಟಿದ ಸಣ್ಣ ನಿವೇಶನಗಳ ಮೇಲಿದ್ದವು. 1990ರಲ್ಲಿ ಒಂದೇ ಒಲೆಯಿದ್ದ ಮನೆಯಿಂದ ಹೋದವರು ಇಂದು ನಾಲ್ಕೈದು ಕುಟುಂಬಗಳಾಗಿ ಹರಡಿದ್ದಾರೆ. ಅವರೆಲ್ಲರೂ ಜಾಫ್ನಾದವರೇ, ಆದರೆ ನಿವೇಶನ ಒಂದೇ. ನೆಲೆ ತಪ್ಪದೆ ಅಲ್ಲೇ ಇದ್ದಿದ್ದರೆ ಅವರು ಪಕ್ಕದ ಬಡಾವಣೆಗಳಲ್ಲಿ ಕಾಲಕಾಲಕ್ಕೆ ಜಾಗ ಕೊಳ್ಳುತ್ತಿದ್ದರು, ಊರು ತಾನಾಗಿ ಬೆಳೆಯುತ್ತಿತ್ತು. ಈಗ ಅವರು ಹೊಸ ಜಾಗ ಕೇಳಿದರೆ ಅದು ಪುನರ್ವಸತಿ ಎನಿಸದೆ ಹೊಸ ವಲಸೆ ಎನಿಸುತ್ತದೆ, ಕೂಡಲೇ ಜನಸಂಖ್ಯೆಯ ಅನುಪಾತದ ರಾಜಕೀಯ ಎದ್ದು ನಿಲ್ಲುತ್ತದೆ. ಮನ್ನಾರಿನಲ್ಲಿ ಇದು ಎಲ್ಲಿಗೆ ಮುಟ್ಟಿತೆಂದರೆ, ಮರಳಿದ ಮುಸ್ಲಿಮರಿಗೆ ವಿಲ್ಪತ್ತು ರಾಷ್ಟ್ರೀಯ ಉದ್ಯಾನದ ಅಂಚಿನ ಅರಣ್ಯಭೂಮಿ ಕೊಟ್ಟದ್ದು 2015ರಲ್ಲಿ ರಾಷ್ಟ್ರಮಟ್ಟದ ವಿವಾದವಾಗಿ, 2020ರಲ್ಲಿ ಮೇಲ್ಮನವಿ ನ್ಯಾಯಾಲಯವು ಮಾಜಿ ಸಚಿವ ರಿಷಾದ್ ಬದಿಯುದ್ದೀನ್ ಸ್ವಂತ ಖರ್ಚಿನಲ್ಲಿ ಮರುಅರಣ್ಯೀಕರಣ ಮಾಡಬೇಕೆಂದು ತೀರ್ಪಿತ್ತಿತು. ಅರಣ್ಯದ ಪ್ರಶ್ನೆ ನಿಜವೇ ಆದರೂ, ಮೂವತ್ತು ವರ್ಷಗಳಲ್ಲಿ ಕಾಡು ಬೆಳೆದ ಹಳೆಯ ಹಳ್ಳಿಗಳ ಪಕ್ಕದಲ್ಲಿ ಈ ಜನ ಎಲ್ಲಿ ಹೋಗಬೇಕೆಂಬುದಕ್ಕೆ ತೀರ್ಪಿನಿಂದ ಉತ್ತರ ಸಿಗಲಿಲ್ಲ.

ತಮಿಳರ ಕಡೆಯಿಂದ ನೋಡಿದರೆ ಚಿತ್ರ ಇನ್ನಷ್ಟು ಜಟಿಲವಾಗುತ್ತದೆ. 1990ರಲ್ಲೇ ಜಾಫ್ನಾದ ಪಲಾಲಿ ಸೇನಾನೆಲೆಯ ಸುತ್ತಲಿನ ವಲಿಕಾಮಂ ಉತ್ತರ ಎಂಬ ಪ್ರದೇಶದಿಂದ ಎಬ್ಬಿಸಲ್ಪಟ್ಟು, ಸೈನ್ಯದ ಅತಿಭದ್ರತಾ ವಲಯದ ಕಾರಣದಿಂದ ಎರಡು ದಶಕಗಳಿಗೂ ಮೀರಿ ಶಿಬಿರಗಳಲ್ಲಿ ಕೊಳೆತ ಸಾವಿರಾರು ತಮಿಳರಿದ್ದಾರೆ. ಜಾಫ್ನಾದ ತಮಿಳು ಅಧಿಕಾರಿಗೆ ಮೊದಲ ಸಾಲಿನಲ್ಲಿ ಕಾಣುವವರು ಅವರು ಮತ್ತು ವನ್ನಿಯಿಂದ ಎಲ್ಲವನ್ನೂ ಕಳೆದುಕೊಂಡು ಬಂದವರು. ಪುತ್ತಳಂನಲ್ಲಿ ಒಂದು ಮನೆಯಾದರೂ ಇರುವವನು ಅವನಿಗೆ ಕಡಿಮೆ ಬಾಧಿತನಾಗಿ ಕಂಡರೆ ಅದನ್ನು ದ್ವೇಷವೆಂದು ತಳ್ಳಿಹಾಕಲಾಗದು. ತಪ್ಪಿರುವುದು ಇಬ್ಬರು ಬಾಧಿತರನ್ನು ಒಂದೇ ಸರದಿಯಲ್ಲಿ ನಿಲ್ಲಿಸಿ ಯಾರ ನೋವು ಹೆಚ್ಚೆಂದು ಅಳೆಯಲು ಸ್ಥಳೀಯ ಅಧಿಕಾರಿಯೊಬ್ಬನಿಗೆ ಬಿಟ್ಟ ವ್ಯವಸ್ಥೆಯಲ್ಲಿ. ಯುದ್ಧಾನಂತರದ ಸರ್ಕಾರ ನೇಮಿಸಿದ ಕಲಿತ ಪಾಠಗಳ ಮತ್ತು ಸಾಮರಸ್ಯದ ಆಯೋಗ 2011ರ ವರದಿಯಲ್ಲೇ ಉತ್ತರದ ಮುಸ್ಲಿಮರ ಬಗ್ಗೆ ಏಕರೂಪದ ನೀತಿ ಬೇಕೆಂದು ಹೇಳಿತ್ತು.

ಅಂಥ ನೀತಿಗೆ ತಾತ್ವಿಕ ನೆಲೆಗಟ್ಟು ಇಲ್ಲದಿಲ್ಲ. ನೆಲೆ ತಪ್ಪಿದವರ ಶಾಶ್ವತ ಪರಿಹಾರದ ಕುರಿತು ವಿಶ್ವಸಂಸ್ಥೆಯ ಅಂತರ ಸಂಸ್ಥಾ ಸಮಿತಿ 2010ರಲ್ಲಿ ಪ್ರಕಟಿಸಿದ ಚೌಕಟ್ಟು, ಈಗಿರುವ ಊರಿನಲ್ಲಿ ಬೇರೂರಲು ಒಪ್ಪಿದ ಮಾತ್ರಕ್ಕೆ ಮೂಲ ಊರಿಗೆ ಮರಳುವ ಹಕ್ಕು ಕಳೆದುಹೋಗುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಶ್ರೀಲಂಕಾ ಸರ್ಕಾರವೂ 2016ರ ಆಗಸ್ಟ್‌ನಲ್ಲಿ ಯುದ್ಧಬಾಧಿತ ನಿರಾಶ್ರಿತರ ಶಾಶ್ವತ ಪರಿಹಾರದ ರಾಷ್ಟ್ರೀಯ ನೀತಿಯನ್ನು ಅಂಗೀಕರಿಸಿತು. ಆದರೆ ನೀತಿಯ ಪುಸ್ತಕಕ್ಕೂ ಗ್ರಾಮಾಧಿಕಾರಿಯ ಮೇಜಿನ ಮೇಲಿರುವ ನಮೂನೆಗೂ ನಡುವಿನ ಅಂತರ ಹಾಗೆಯೇ ಉಳಿಯಿತು. ನಮೂನೆಯಲ್ಲಿ ಶಾಶ್ವತ ವಿಳಾಸಕ್ಕೆ ಇರುವುದು ಒಂದೇ ಕಲಂ.

2024ರ ನವೆಂಬರ್‌ನ ಸಂಸತ್ ಚುನಾವಣೆಯಲ್ಲಿ ಅಧ್ಯಕ್ಷ ಅನುರ ಕುಮಾರ ದಿಸ್ಸಾನಾಯಕೆ ಅವರ ನ್ಯಾಷನಲ್ ಪೀಪಲ್ಸ್ ಪವರ್ ಮೈತ್ರಿಕೂಟ ಜಾಫ್ನಾ ಜಿಲ್ಲೆಯಲ್ಲೇ ಆರರಲ್ಲಿ ಮೂರು ಸ್ಥಾನ ಗೆದ್ದಾಗ, ಭೂಮಿಯ ಪ್ರಶ್ನೆಗೆ ಹೊಸ ದಾರಿ ತೆರೆಯಬಹುದೆಂಬ ನಿರೀಕ್ಷೆ ಹುಟ್ಟಿತ್ತು. ಆದರೆ 2025ರ ಮಾರ್ಚ್ ಕೊನೆಯಲ್ಲಿ ಹೊರಟ ಗೆಜೆಟ್ ಪ್ರಕಟಣೆಯೊಂದು, ಉತ್ತರ ಪ್ರಾಂತ್ಯದ ಸುಮಾರು 5,900 ಎಕರೆ ಭೂಮಿಗೆ ಮೂರು ತಿಂಗಳೊಳಗೆ ಹಕ್ಕು ಸಾಧಿಸದಿದ್ದರೆ ಅದು ಸರ್ಕಾರದ್ದಾಗುತ್ತದೆಂದು ತಿಳಿಸಿತು. ವಿದೇಶದಲ್ಲಿರುವ ತಮಿಳರು, ದಾಖಲೆ ಕಳೆದುಕೊಂಡವರು, ಪರಊರುಗಳಲ್ಲಿರುವವರು ಮೂರು ತಿಂಗಳಲ್ಲಿ ಏನು ಮಾಡಬಲ್ಲರೆಂಬ ಆಕ್ಷೇಪ ಎದ್ದು, ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಸರ್ಕಾರ ಪ್ರಕಟಣೆಯನ್ನು ಹಿಂತೆಗೆದುಕೊಂಡಿತು. ಈ ಬಾರಿ ಬೀದಿಗಿಳಿದವರು ಮತ್ತು ನ್ಯಾಯಾಲಯಕ್ಕೆ ಹೋದವರು ಮುಖ್ಯವಾಗಿ ತಮಿಳು ಪಕ್ಷಗಳವರು. ಗೈರುಹಾಜರಾದವನ ಹಕ್ಕಿಗೆ ಗಡುವು ಹಾಕುವುದು ಅನ್ಯಾಯವೆಂಬ ಅವರ ವಾದವನ್ನು ಸೋನಗ ತೆರುವಿನವರು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಇಬ್ಬರೂ ಒಂದೇ ವಾದವನ್ನು ಬೇರೆಬೇರೆ ಕೊಠಡಿಗಳಲ್ಲಿ ಮಂಡಿಸುತ್ತಿರುವುದು ಇಂದಿನ ಉತ್ತರ ಲಂಕಾದ ವಿಚಿತ್ರ ರಾಜಕೀಯ.

ಈಗ ಆ ಬಡಾವಣೆಯಲ್ಲಿ ಮಸೀದಿಗಳು ತೆರೆದಿವೆ, ಒಸ್ಮಾನಿಯಾ ಕಾಲೇಜು ನಡೆಯುತ್ತಿದೆ, ಮರಳಿದ ಕುಟುಂಬಗಳ ಹೊಸ ಮನೆಗಳ ನಡುವೆ ಮರ ಬೆಳೆದ ಪಾಳುಗೋಡೆಗಳಿವೆ. ಎಷ್ಟೋ ಗಂಡಸರು ಜಾಫ್ನಾದಲ್ಲಿ ವ್ಯಾಪಾರ ಮಾಡುತ್ತ ಮಕ್ಕಳ ಶಾಲೆಗಾಗಿ ಸಂಸಾರವನ್ನು ಪುತ್ತಳಂನಲ್ಲಿಟ್ಟು ಓಡಾಡಿಕೊಂಡಿದ್ದಾರೆ. ಸರ್ಕಾರದ ಕಣ್ಣಿಗೆ ಇದು ಅಪೂರ್ಣ ಮರಳುವಿಕೆ. ಜನರ ಮಟ್ಟಿಗೆ ಮೂವತ್ತೈದು ವರ್ಷಗಳ ನಂತರ ಸಾಧ್ಯವಿರುವ ಮರಳುವಿಕೆಯೇ ಇದು. ಇದನ್ನು ಹಾಗೆಂದು ಒಪ್ಪಿದರೆ ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ: ವಸತಿ ಅನುದಾನಕ್ಕೆ ಮುಂಚಿತ ವಾಸದ ಷರತ್ತನ್ನು ತೆಗೆದು ಒಡೆತನವನ್ನೇ ಆಧಾರವಾಗಿಡುವುದು, 2016ರ ಪ್ರಿಸ್ಕ್ರಿಪ್ಷನ್ ಕಾಯಿದೆಯ ರಕ್ಷಣೆಯನ್ನು ಕಾಲಮಿತಿಯಿಲ್ಲದೆ ಮತ್ತೆ ಜಾರಿಗೊಳಿಸಿ ಅದರೊಂದಿಗೆ ಉಚಿತ ಕಾನೂನು ನೆರವು ಕೊಡುವುದು, ಎರಡನೆಯ ತಲೆಮಾರಿನ ಕುಟುಂಬಗಳಿಗೆ ನಗರದ ಮಿತಿಯೊಳಗೇ ಬಹುಮಹಡಿ ವಸತಿಯ ಯೋಜನೆ ರೂಪಿಸುವುದು, ಮತ್ತು ಒಂದೇ ಕುಟುಂಬ ಎರಡು ಜಿಲ್ಲೆಗಳಲ್ಲಿ ನೋಂದಾಯಿತವಾಗಿರುವುದನ್ನು ವಂಚನೆಯೆಂದು ಪರಿಗಣಿಸದಿರುವುದು. ಈ ಕೊನೆಯದಕ್ಕೆ ಹೊಸ ಶಾಸನವೂ ಬೇಕಾಗಿಲ್ಲ. ಸಂಬಂಧಪಟ್ಟ ಸಚಿವಾಲಯದಿಂದ ಗ್ರಾಮಾಧಿಕಾರಿಗಳಿಗೆ ಒಂದು ಸುತ್ತೋಲೆ ಸಾಕು.